ಅವ್ವನ ಸೀಟಿಗಾಗಿ ಕೊಂಡ ಕಾರು

ಈಗ ಬರೆಯಹೊರಟಿರುವುದರಲ್ಲಿ ನಿಜವಾಗಿ ನಡೆದದ್ದೆಷ್ಟು, ನನ್ನ ಸಿಟ್ಟು ಆಮೇಲೆ ಸೇರಿಸಿದ್ದೆಷ್ಟು ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಆ ಕಾರು ಪ್ರತಿ ಅಮಾವಾಸ್ಯೆ ಮುಗಿದ ಕೂಡಲೇ ಕೆಟ್ಟು ನಿಲ್ಲುತ್ತದೆ. ತಮ್ಮ ಬಸವರಾಜನನ್ನು ಕೇಳಿದರೆ, "ಹಂಗೇನಿಲ್ಲಣ್ಣ, ಅದು ಹುಣ್ಣಿವಿಗೂ ನಿಂತೈತಿ, ನಡುವನೂ ನಿಂತೈತಿ. ನಿಲ್ಲಾಕ ಅದೇನ ಪಂಚಾಂಗ ನೋಡತಿರಲಿಲ್ಲ" ಎನ್ನುತ್ತಾನೆ. ಹೆಂಡತಿ ಶೈಲಾಳ ಪ್ರಕಾರ ಕಾರಿನ ಬಣ್ಣವೇ ನಾನು ಹೇಳುವಂತೆ ಕಪ್ಪಲ್ಲ, ಕಡುನೀಲಿ. ಜಮಖಂಡಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದವನು ನಾನು. ಮನುಷ್ಯನ ತಲೆ ತನಗೆ ಬೇಕಾದದ್ದನ್ನಷ್ಟೇ ನೆನಪಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳಿದವನು. ನನ್ನ ತಲೆಯನ್ನೇನು ಬೇರೆ ಮಣ್ಣಿನಿಂದ ಮಾಡಿದ್ದಾರೆಯೇ? ಆದ್ದರಿಂದ ಇದನ್ನೆಲ್ಲ ನೀವು ನಂಬಲೇಬೇಕೆಂದಿಲ್ಲ. ಸಿಟ್ಟನ್ನು ಮಾತ್ರ ನಂಬಿ. ಅದು ಅಂದಿನದೇ, ಇನ್ನೂ ಆರಿಲ್ಲ.

ಇದನ್ನೆಲ್ಲ ಮತ್ತೆ ಕೆದಕಿದ್ದು ನನ್ನದೊಂದು ಕೆಟ್ಟ ರೂಢಿ. ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಹೊಸ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿ, "ಕೂಡ್ರಿ ಸರ್, ಹಂಗ ಒಂದ ರೌಂಡ ಹೊಡದ ಬರೂಣು" ಎಂದರು. ಕೂತವನೇ ಬಗ್ಗಿ, ಕಾಲಡಿಯ ಚಾಪೆ ಎತ್ತಿ, ಅಂಗೈ ಒತ್ತಿ ನೋಡಿದೆ.

"ಏನ ಬಿತ್ತ್ರೀ ಸರ್?"

"ಏನಿಲ್ರಿ. ಹಸಿ ಐತೇನು ನೋಡಿದೆ."

ಹೊಸ ಸೊಸೆಯ ಹಲ್ಲು ಹಿಡಿದು ನೋಡಿದವನನ್ನು ಬೀಗರು ನೋಡುವಂತೆ ಅವರು ನನ್ನನ್ನು ನೋಡಿದರು. ಏನು ಹೇಳುವುದು? ಯಾರ ಕಾರಿನಲ್ಲಿ ಕೂತರೂ ನನ್ನ ಕೈ ತಾನಾಗಿ ಕೆಳಗೆ ಹೋಗುತ್ತದೆ. ಬಾಡಿಗೆ ಕಾರಾದರೂ ಅಷ್ಟೆ, ಮದುಮಗನ ಕಾರಾದರೂ ಅಷ್ಟೆ.

ನಮ್ಮೂರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಇತ್ತು. ಅಣೆಕಟ್ಟೆಯಲ್ಲಿ ನೀರು ನಿಲ್ಲಿಸತೊಡಗಿದ ವರ್ಷಗಳಲ್ಲಿ ಅದು ಹಿನ್ನೀರಿನೊಳಗೆ ಹೋಯಿತು. ಹೋಗುತ್ತದೆಂದು ಎಷ್ಟೋ ಮೊದಲೇ ಗೊತ್ತಿತ್ತು. ನಾನು ಸಣ್ಣವನಿದ್ದಾಗ ಒಂದು ಜೀಪು ಬಂದು ಮನೆಮನೆಯ ಗೋಡೆಗೆ ಬಣ್ಣದ ಗೆರೆ ಎಳೆದು ಹೋಗಿತ್ತು, ನೀರು ಇಲ್ಲಿಯವರೆಗೆ ಬರುತ್ತದೆ ಎಂದು. ನಾವು ಆ ಗೆರೆಗೆ ಬೆನ್ನು ಹಚ್ಚಿ ನಿಂತು ನಮ್ಮ ಎತ್ತರ ಅಳೆದುಕೊಳ್ಳುತ್ತಿದ್ದೆವು. ಗೆರೆ ಮುಟ್ಟಿದವನು ದೊಡ್ಡವನಾದ ಎಂದು ಲೆಕ್ಕ. ನಾನು ಗೆರೆ ಮುಟ್ಟಿದ ದಿನ ಅವ್ವ ಬೆಲ್ಲ ಕೊಟ್ಟಿದ್ದಳು. ಮುಳುಗುವ ಎತ್ತರಕ್ಕೆ ಬೆಳೆದದ್ದಕ್ಕೆ ಬೆಲ್ಲ. ಇದು ನಡೆದದ್ದೇ ಹೌದು ಎಂದು ನನಗನ್ನಿಸುತ್ತದೆ. ಆದರೆ ಇಂಥ ಚೆಂದದ ನೆನಪುಗಳ ಮೇಲೆಯೇ ನನಗೆ ಹೆಚ್ಚು ಅನುಮಾನ.

ಹಿನ್ನೀರಿಗೊಂದು ಹಾಳು ಗುಣವಿದೆ. ಪೂರ್ತಿ ನುಂಗಿ ಸುಮ್ಮನಿರುವುದಿಲ್ಲ. ಬೇಸಿಗೆಗೆ ಕೆಳಗಿಳಿದು, ಮುಳುಗಿದ್ದನ್ನೆಲ್ಲ ಹೊರಗೆ ತೋರಿಸಿ, ಮಳೆಗಾಲಕ್ಕೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ಸತ್ತವರು ವರ್ಷಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ಹೋದಂತೆ. ನಾವು ಜಮಖಂಡಿಗೆ ಬಂದು ನೆಲೆಸಿದ ಮೇಲೆ ಅವ್ವನಿಗೆ ಇದ್ದ ಆಸೆ ಒಂದೇ. "ನೀರು ಇಳದಾಗ ಒಮ್ಮೆ ನಮ್ಮ ಹೊಲದಾಗ ನಿಂದರಬೇಕು. ಚರಗ ಚೆಲ್ಲಿ ಬರಬೇಕು. ಆತು, ಮುಂದ ನಾ ಏನೂ ಕೇಳೂದಿಲ್ಲ."

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಸಜ್ಜಿ ಕಡಬು, ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ, ಬುತ್ತಿ, ಎಲ್ಲವನ್ನೂ ಕಲಸಿ, ಬೆಳೆದು ನಿಂತ ಜೋಳದ ನಡುವೆ ಮುಷ್ಟಿ ಮುಷ್ಟಿ ಎಸೆಯುವುದು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ. ಅಪ್ಪ ಮುಂದೆ ಎಸೆಯುತ್ತ ಹೋಗುತ್ತಿದ್ದ, ನಾನು ಹಿಂದೆ ನೀರು ಚಿಮುಕಿಸುತ್ತ. ಬಿದ್ದ ಕಡಬನ್ನು ಎತ್ತಿ ತಿನ್ನಬಾರದೆಂಬ ಸಂಕಟವೇ ಆ ಹಬ್ಬದಲ್ಲಿ ನನಗಿದ್ದ ಭಕ್ತಿ. ಈಗ ತೊಂದರೆಯೆಂದರೆ ಎಳ್ಳಮಾವಾಸ್ಯೆ ಬರುವುದು ಚಳಿಗಾಲದಲ್ಲಿ, ಆಗ ಹೊಲದ ಮೇಲೆ ನೀರು. ನೀರಿಳಿದಾಗ ಬೇಸಿಗೆ, ಆಗ ಹಬ್ಬವಿಲ್ಲ. ಅವ್ವ ಅದನ್ನು ತನ್ನಷ್ಟಕ್ಕೆ ಬಗೆಹರಿಸಿಕೊಂಡಿದ್ದಳು. "ಹಸದಾಕಿಗೆ ಯಾವಾಗ ಉಣಿಸಿದರೂ ಉಣತಾಳು."

ಹೋಗಿ ಬರಬಹುದಿತ್ತು. ಆದರೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ನಿನಲ್ಲಿ ಒಳಗೆ ಉಕ್ಕಿನ ಸಳಿ ಕೂತಿತು, ಕಾಲು ಮಡಚುವುದು ನಿಂತಿತು. ಬಸ್ಸು ಹತ್ತಲು ಆಗದು. ಒಂದು ಬೇಸಿಗೆ ಜೀಪು ಮಾಡಿಕೊಂಡು ಹೊರಟು, ಊರು ದಾಟುವಷ್ಟರಲ್ಲಿ ಅವಳ ಮುಖ ನೋಡಲಾಗದೆ ತಿರುಗಿಸಿ ತಂದಿದ್ದೆವು. ಸಣ್ಣ ಕಾರುಗಳಲ್ಲಿ ಚಾಚಿದ ಕಾಲಿಗೆ ಜಾಗವೇ ಇಲ್ಲ. ಅಡ್ಡ ಮಲಗಿಸಿ ಒಯ್ಯೋಣವೆಂದರೆ, "ನಾ ಇನ್ನೂ ಹೆಣ ಆಗಿಲ್ಲ" ಎಂದಳು.

ಹೀಗಿರುವಾಗ ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬ ತನ್ನ ಹಳೆಯ ಜರ್ಮನ್ ಕಾರು ಮಾರುತ್ತಿದ್ದಾನೆಂದು ಬಸವರಾಜ ಸುದ್ದಿ ತಂದ. ಅವನಿಗೆ ಜಮಖಂಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಊರ ಸುದ್ದಿಯೆಲ್ಲ ಗೊಬ್ಬರದ ಚೀಲದ ಮೇಲೆ ಕೂತೇ ಹೋಗುತ್ತದೆ. ಹೋಗಿ ನೋಡಿದರೆ ಮಗ್ಗಗಳ ಸದ್ದಿನ ನಡುವೆ, ನೂಲಿನ ಗಂಟುಗಳ ಪಕ್ಕ ಉದ್ದಕ್ಕೆ ಮಲಗಿತ್ತು. "ಸರ್, ಇದು ಗಾಡಿ ಅಲ್ರಿ, ಅರಮನಿ" ಎಂದ ವ್ಯಾಪಾರಿ. ಅರಮನೆಯನ್ನು ಯಾಕೆ ಮಾರುತ್ತೀಯಪ್ಪಾ ಎಂದು ಕೇಳಬೇಕಿತ್ತು. ತರ್ಕಶಾಸ್ತ್ರದ ಮೊದಲ ಪಾಠವೇ ಅದು. ಕೇಳಲಿಲ್ಲ. ಯಾಕೆಂದರೆ ಅವನು ಮುಂದಿನ ಎಡಗಡೆಯ ಸೀಟಿನ ಪಕ್ಕದ ಗುಂಡಿ ಒತ್ತಿದ. ಸೀಟು ಗುಂಯ್ಯೆಂದು ಹಿಂದೆ ಸರಿಯಿತು. ಮತ್ತೂ ಸರಿಯಿತು. ಅಲ್ಲಿ ಒಬ್ಬ ಮನುಷ್ಯ ಕಾಲು ನೀಡಿ ಕೂರುವಷ್ಟು ಜಾಗವಾಯಿತು. ಇನ್ನೊಂದು ಗುಂಡಿಗೆ ಸೀಟು ಮೇಲೆದ್ದಿತು, ಸೊಂಟ ಬಗ್ಗದವರೂ ಹಾಗೇ ಜಾರಿ ಕೂರುವಂತೆ. ನಾನು ಕೊಂಡದ್ದು ಆ ಸೀಟನ್ನು. ಅದಕ್ಕೆ ಅಂಟಿಕೊಂಡಿದ್ದ ಕಾರು ಪುಕ್ಕಟೆ ಬಂದ ಪೀಡೆ.

ಕೊಂಡದ್ದು ಮುಳುಗಿದ ಹೊಲಕ್ಕೆ ಕೋರ್ಟಿನಿಂದ ತಡವಾಗಿ ಬಂದ ಹೆಚ್ಚಿನ ಪರಿಹಾರದಲ್ಲಿ. ಇದನ್ನು ಹೇಳಲೇಬೇಕು, ಮುಂದಿನದೆಲ್ಲ ಇದರಿಂದಲೇ ಆಯಿತು.

ದಸರೆಯ ಹೊತ್ತಿಗೆ ಕಾರು ಮನೆಗೆ ಬಂತು. ಅವ್ವ ಕೂತು, ಕಾಲು ಚಾಚಿ, "ಪಲ್ಲಕ್ಕಿ ಆತಲ್ಲೋ" ಎಂದಳು. ಅದೊಂದು ಮಾತಿಗೆ ನಾನು ಎಷ್ಟೋ ತಿಂಗಳು ಆ ಕಾರನ್ನು ಸಹಿಸಿಕೊಂಡೆ. ಜಮಖಂಡಿ-ಮುಧೋಳದ ಕಡೆ ಅಮಾವಾಸ್ಯೆ ಬಂತೆಂದರೆ ಲಾರಿ, ಟ್ರ್ಯಾಕ್ಟರು, ಮೋಟಾರುಸೈಕಲ್ಲು, ಎಲ್ಲವಕ್ಕೂ ಜಳಕ, ಕುಂಕುಮ, ಕಾಯಿ. ನಮ್ಮ ಮನೆಯಲ್ಲೂ ಅವ್ವನ ಪೂಜೆ ಶುರುವಾಯಿತು. ಪೂಜೆಯ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದೆ. ಧಾರವಾಡದಲ್ಲಿ ಓದಿ ಬಂದ ಮೇಲೆ ನಾನು ತಪ್ಪದೆ ಪಾಲಿಸಿದ ವ್ರತ ಅದೊಂದೇ.

ಮೊದಲು ಕೆಟ್ಟದ್ದು ಕಿಟಕಿ. ಮುಧೋಳದ ಸರ್ಕಲ್ಲಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಕೊಂಡಿದ್ದಾಗ ನಾಲ್ಕೂ ಕಿಟಕಿ ತಾವಾಗಿಯೇ ಕೆಳಗಿಳಿದವು. ಧೂಳು, ಕಬ್ಬಿನ ಒಣಗರಿಯ ರವದಿ, ಪಕ್ಕದ ಟ್ರ್ಯಾಕ್ಟರಿನವನ ಹಾಡು, ಎಲ್ಲ ಒಳಗೆ ಬಂದವು. ಆಮೇಲೆ ಬಿಸಿಲಲ್ಲಿ ವೈಪರು ಓಡತೊಡಗಿತು. ಆಮೇಲೆ ಯಾರೂ ಮುಟ್ಟದೆ ಹಾರ್ನು. ಕೊನೆಗೆ ಮುಂದಿನ ಸಣ್ಣ ಪರದೆಯ ಮೇಲೆ ಜರ್ಮನ್ ಭಾಷೆಯಲ್ಲಿ ಏನೋ ಬರೆದುಕೊಂಡು ಗಾಡಿ ನಿಂತೇಬಿಟ್ಟಿತು.

ಮುಧೋಳದಲ್ಲಿ ರಫೀಕ ಎಂಬ ಮೆಕ್ಯಾನಿಕ್ ಇದ್ದ. ಕಬ್ಬಿನ ಲಾರಿಗಳನ್ನು ಕಟ್ಟಿ ಬಿಚ್ಚಿ ಪಳಗಿದವನು, ಗೊತ್ತಿಲ್ಲ ಎಂಬ ಮಾತನ್ನು ಮಾತ್ರ ಕಲಿತಿರಲಿಲ್ಲ. ಪರದೆ ನೋಡಿ ನನ್ನ ಕಡೆ ತಿರುಗಿದ.

"ಸರ್, ನೀವ ಓದಿದವರು. ಏನ ಅಂತೈತಿ ನೋಡ್ರಿ."

"ಇದು ಜರ್ಮನ್ ಅಪ್ಪಾ. ನನಗ ಬರೂದಿಲ್ಲ."

ಬಸವರಾಜ ಬಿಡಬೇಕಲ್ಲ. "ಅಣ್ಣಾ, ನೀ ಜರ್ಮನಿ ತತ್ವಜ್ಞಾನದ ಮ್ಯಾಲ ಅಲ್ಲೇನ ಪಿಎಚ್‌ಡಿ ಮಾಡಿದ್ದು?"

ಮಾಡಿದ್ದು ಹೌದು. ಓದಿದ್ದೆಲ್ಲ ಇಂಗ್ಲಿಷ್ ಅನುವಾದದಲ್ಲಿ. ಅಷ್ಟು ವರ್ಷ ಯಾರೂ ಎತ್ತದ ಆ ಆಕ್ಷೇಪವನ್ನು ಮುಧೋಳದ ಗ್ಯಾರೇಜಿನಲ್ಲಿ ಒಂದು ಕಾರು ಎತ್ತಿತ್ತು. ನನಗೆ ಬಂದ ಸಿಟ್ಟಿಗೆ ಡ್ಯಾಶ್‌ಬೋರ್ಡಿಗೆ ಗುದ್ದಿದೆ. ಕೂಡಲೇ ಬಾಗಿಲುಗಳು ಲಾಕ್ ಆಗಿ ರಫೀಕ ಒಳಗೆ ಸಿಕ್ಕಿಕೊಂಡ. ನಾನು ಗುದ್ದಿದ್ದಕ್ಕೇ ಆಯಿತೆಂದು ಬಸವರಾಜ ಇಂದಿಗೂ ಹೇಳುತ್ತಾನೆ. ಕಾರಣವೂ ಕಾಕತಾಳೀಯವೂ ಬೇರೆಬೇರೆ ಎಂದು ಇವನಿಗೆ ಎಷ್ಟು ಸಲ ಹೇಳಲಿ?

ರಫೀಕ ಬ್ಯಾಟರಿ ಬದಲಿಸಿದ. ಸಾಲದೆಂದು ಇನ್ನೂ ದೊಡ್ಡದು ಹಾಕಿದ. ಆಮೇಲೆ ಡೈನಮೊ ಎಂದ, ಆಮೇಲೆ ಅರ್ಥಿಂಗ್ ಎಂದ. ಗಾಡಿ ಅವನ ಬಾಗಿಲಲ್ಲಿ ಸರಿಯಾಗುತ್ತಿತ್ತು, ನಮ್ಮ ಬಾಗಿಲಲ್ಲಿ ಕೆಡುತ್ತಿತ್ತು. ಬಸವರಾಜನ ವಿಚಾರ ಬೇರೆ. ಗಾಡಿ ಹಳೆಯದಾಗಿದ್ದಕ್ಕೆ ಹೀಗೆ ಮಾಡುತ್ತದೆ, ಒಳಗೆಲ್ಲ ಹೊಸದು ಹಾಕಿದರೆ ತಾನೂ ಹೊಸದೆಂದು ತಿಳಿದುಕೊಳ್ಳುತ್ತದೆ ಎಂದು. ಹಳೆಯ ರೇಡಿಯೊ ಕಿತ್ತು ಅಂಗೈ ಅಗಲದ ಪರದೆ ಹಾಕಿಸಿದ, ಡಿಕ್ಕಿಯಲ್ಲಿ ಎಣ್ಣೆಯ ಡಬ್ಬಿಯಷ್ಟು ದೊಡ್ಡ ಸ್ಪೀಕರು, ಗಾಲಿಗೆ ಮಿಂಚುವ ರಿಮ್ಮು, ಚರ್ಮದ ಸೀಟಿನ ಮೇಲೆ ಕೆಂಪು ಮಕಮಲ್ಲು. "ಅಪಗ್ರೇಡ್ ಅಣ್ಣಾ, ಅಪಗ್ರೇಡ್" ಎನ್ನುತ್ತಿದ್ದ. ನಡೆಯಲು ಬಾರದವನಿಗೆ ಗಡಿಯಾರ, ಉಂಗುರ, ಕೋಟು ತೊಡಿಸಿದಂತಾಗಿತ್ತು. ಒಮ್ಮೆ ಗಾಡಿ ನಿಂತು ಇಂಜಿನ್ ಸತ್ತ ಮೇಲೂ ಆ ಸ್ಪೀಕರು ಮಾತ್ರ ಹಾಡುತ್ತಲೇ ಇತ್ತು. ನಾನು ಡಿಕ್ಕಿ ತೆರೆದು ಅದರ ತಂತಿ ಕೈಯಿಂದ ಕಿತ್ತೆ. ಬಸವರಾಜ ವಾರಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಅದೊಂದೇ ಆ ವರ್ಷದ ಶಾಂತಿಯ ಕಾಲ.

ಕೊಲ್ಹಾಪುರದ ದೊಡ್ಡ ಗ್ಯಾರೇಜಿಗೂ ಲಾರಿಯ ಮೇಲೆ ಹೇರಿಸಿ ಕಳಿಸಿದೆ. ಅಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ, ಗಾಡಿಯಲ್ಲಿ ಎಲ್ಲವೂ ಕೆಟ್ಟಿದೆ ಎಂದರು. ಎಲ್ಲವೂ ಎಂದರೆ? ಎಲ್ಲವೂ. ಕಾರಿನ ಬುದ್ಧಿಯೆಲ್ಲ ಇರುವ ಒಂದು ಪೆಟ್ಟಿಗೆ ಇದೆ, ಅದನ್ನು ಜರ್ಮನಿಯಿಂದ ತರಿಸಬೇಕು ಎಂದರು. ಅದು ಎಲ್ಲಿದೆ, ಯಾಕೆ ಕೆಟ್ಟಿತು ಎಂದರೆ ಭುಜ ಹಾರಿಸಿದರು. ಕೊಲ್ಹಾಪುರದ ಬಿಸಿಲಲ್ಲಿ ವಾರಗಟ್ಟಲೆ ನಿಂತ ಗಾಡಿ ಒಂದು ಬೆಳಗ್ಗೆ ತಾನೇ ಸ್ಟಾರ್ಟ್ ಆಯಿತು. ಅವರು ಅದಕ್ಕೂ ಬಿಲ್ಲು ಹಾಕಿದರು.

ಓಣಿಯ ಜನ ಮಾತ್ರ ಕಂಪ್ಯೂಟರಿಲ್ಲದೆ ಕಂಡುಹಿಡಿದಿದ್ದರು. "ನೀರಾಗ ಹ್ವಾದ ಹೊಲದ ರೊಕ್ಕ ಅದು. ದಕ್ಕೂದಿಲ್ಲ. ಅಮಾಸಿ ಬಂತಂದ್ರ ಮೈಮ್ಯಾಲ ಬರತೈತಿ." ನನಗೆ ಗಾಡಿಗಿಂತ ಈ ಮಾತಿನ ಮೇಲೆ ಉರಿದುಹೋಯಿತು. ಯಾವ ರೊಕ್ಕ ದಕ್ಕುತ್ತದೆ ಹಾಗಾದರೆ? ಹೊಲವನ್ನು ಕೇಳದೆ ಒಯ್ದರು, ಕೊಡುವುದನ್ನು ಕೊಸರಾಡಿ ಕೊಟ್ಟರು, ಅದರಿಂದ ಒಂದು ಸೀಟು ಕೊಂಡರೆ ಅದಕ್ಕೂ ದೆವ್ವದ ಕತೆಯೇ? ಇದೇ ಕೃಷ್ಣೆಗೆ ಮೇಲುಗಡೆ ಚಿಕ್ಕಪಡಸಲಗಿಯಲ್ಲಿ ರೈತರೇ ಕಲ್ಲು ಹೊತ್ತು ಬ್ಯಾರೇಜು ಕಟ್ಟಿಕೊಂಡು ನೀರು ನಿಲ್ಲಿಸಿದರು. ಅವರಿಗೆ ನೀರು ಬೇಕಿತ್ತು, ನಿಲ್ಲಿಸಿಕೊಂಡರು. ನಮಗೆ ಬೇಡವಾಗಿತ್ತು, ಬಂದು ನಿಂತಿತು. ಇದರಲ್ಲಿ ಅಮಾವಾಸ್ಯೆಯ ಪಾಲೇನು? ಹೀಗೆಂದು ಓಣಿಯ ಕಟ್ಟೆಯ ಮೇಲೆ ಒಂದು ಭಾಷಣವನ್ನೇ ಮಾಡಿದೆ. ಎಲ್ಲರೂ ಕೇಳಿದರು. ಒಬ್ಬ ಮುದುಕ ಕೊನೆಗೆ, "ಖರೆ ಐತ್ರಿ. ಆದ್ರ ಒಂದ ಲಿಂಬಿಹಣ್ಣ ಕಟ್ಟಿದ್ರ ಏನ ಕಡಿಮಿ ಆಗತೈತ್ರಿ?" ಎಂದ.

ನೀರಿಳಿದ ಸುದ್ದಿ ಬಂತು. ಬಿಸಿಲಿಗೆ ಒಣಗಿ ಬಂದ ಗಾಡಿ ನಡೆಯುತ್ತಿತ್ತು. ವೈಶಾಖದ ಬಾದಾಮಿ ಅಮಾವಾಸ್ಯೆ ಮುಗಿದ ಮರುದಿನ, ಕಡಬು, ಪುಂಡಿಪಲ್ಯ ಕಟ್ಟಿಕೊಂಡು, ಅವ್ವನನ್ನು ಸೀಟಿನಲ್ಲಿ ಕೂರಿಸಿಕೊಂಡು ಬೀಳಗಿಯ ದಾರಿ ಹಿಡಿದೆವು. ಮರುದಿನವೇ ಎಂದು ನನ್ನ ನೆನಪು, ಬಸವರಾಜ ಒಪ್ಪುವುದಿಲ್ಲ. ಊರು ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಗಾಡಿ ನಿಂತಿತು. ನಿಂತದ್ದಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಅವ್ವನ ಸೀಟು ಗುಂಯ್ಯೆಂದು ಮುಂದೆ ಸರಿಯತೊಡಗಿತು. ಚಾಚಿದ ಕಾಲು ಮುಂದಿನ ಗೋಡೆಗೆ ಹತ್ತುವವರೆಗೂ ಸರಿದು, ಅಲ್ಲೇ ಸತ್ತಿತು. ಗುಂಡಿ ಒತ್ತಿದರೂ ಇಲ್ಲ, ಗುದ್ದಿದರೂ ಇಲ್ಲ. ಅವ್ವ ಹಲ್ಲು ಕಚ್ಚಿ ಕೂತಿದ್ದಳು, ಮುಖ ಬೆಳ್ಳಗಾಗಿತ್ತು. ರಸ್ತೆ ಪಕ್ಕದ ಹೊಲಗಳಿಂದ ನಾಲ್ಕಾರು ಗಂಡಸರು ಓಡಿ ಬಂದು, ಬೆನ್ನಿನ ಹಲಗೆಯನ್ನು ಹಾರೆಯಿಂದ ಮೀಟಿ ಹಿಂದೆ ಮಣಿಸಿ, ಅವಳನ್ನು ಎತ್ತಿ ಹೊರಗೆ ತೆಗೆದರು. ಜಾಲಿಯ ನೆರಳಿನಲ್ಲಿ ಇಳಿಸಿದ ಮೇಲೆ ಅವಳು ಉಸಿರು ಬಿಟ್ಟು ಹೇಳಿದ್ದು, "ದೇವರನ ಇಳಿಸಿದಂಗ ಇಳಿಸಿದ್ರಪಾ. ಬುತ್ತಿ ಐತಿ, ಉಣ್ರಿ." ಭೂಮಿತಾಯಿಗೆಂದು ಮಾಡಿದ್ದನ್ನು ಅವರೆಲ್ಲ ಉಂಡರು. ನಾನು ಕಾರಿನ ಮಿಂಚುವ ರಿಮ್ಮಿಗೆ ಒದೆಯುತ್ತ ಸುತ್ತು ಹಾಕುತ್ತಿದ್ದೆ. ಕಾಲಿಗೆ ಪೆಟ್ಟಾಯಿತು. ಆ ಪೆಟ್ಟು ಖರೆ. ಉಗುರು ಇನ್ನೂ ಸೊಟ್ಟಗಿದೆ.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದು ಬಾಗಿಲಿಗೆ ಹಾಕಿ, ಗುಜರಿಗೆ ಕೊಡುವುದೆಂದು ನಿಶ್ಚಯಿಸಿದೆ. ಮಳೆಗಾಲ ಹತ್ತಿರ ಬಂದಿತ್ತು, ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾಯಿತೆಂದರೆ ನೀರು ಏರುತ್ತದೆ. ಮುಂದಿನ ಬೇಸಿಗೆಗೆ ಅವ್ವ ಇರುವಳೋ ಇಲ್ಲವೋ ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಬೆಳಗ್ಗೆ ಶೈಲಾ ಅಂಗಳ ಗುಡಿಸುತ್ತಿದ್ದವಳು ಕೂಗಿದಳು. "ರೀ, ಬರ್ರಿ ಇಲ್ಲಿ. ನಿಮ್ಮ ಕಾರಿನಾಗ ಜ್ವಾಳ ಎದ್ದೈತಿ."

ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟು ಮುಗಿಯುವ ಸಂದಿನಿಂದ, ಎಳೆ ಹಸಿರು ಸಸಿಗಳು ಸಾಲಾಗಿ ಹೊರಗೆ ಇಣುಕುತ್ತಿದ್ದವು. ನಿಜವಾಗಿಯೂ ಜೋಳ. ಬಾನೆಟ್ಟು ಎತ್ತಿದೆ. ಮಳೆನೀರು ಹರಿದುಹೋಗಲು ಆ ಸಂದಿನಲ್ಲಿ ಒಂದು ಗಟಾರವಿದೆ, ತುದಿಗೆ ಒಂದು ತೂತು. ಆ ಗಟಾರದ ತುಂಬ ಕಪ್ಪು ರಾಡಿ. ಕೈ ಹಾಕಿ ತೋಡಿದೆ. ಚೆಂಡುಹೂವಿನ ಎಸಳು, ಕೊಬ್ಬರಿಯ ಚೂರು, ಕರ್ಪೂರದ ಬೂದಿ, ಬೇರು ಬಿಟ್ಟ ಜೋಳ, ಮತ್ತು ಕೊಳೆತು ಅಂಟಾಗಿದ್ದರೂ ಗುರುತು ಹಿಡಿಯಬಹುದಾದ ಸಜ್ಜಿ ಕಡಬು. ತೂತು ತೆರೆದ ಕೂಡಲೇ ಒಳಗೆ ನಿಂತಿದ್ದ ನೀರು ಗಳಗಳನೆ ನೆಲಕ್ಕೆ ಇಳಿಯಿತು. ಬಾಗಿಲು ತೆರೆದು ಅವ್ವನ ಸೀಟಿನ ಮುಂದಿನ ಚಾಪೆ ಎತ್ತಿ, ಕೆಳಗಿನ ಗಾದಿಯಂಥದ್ದನ್ನು ಹರಿದೆ. ಒಳಗೆ ಕೆರೆ. ಕೆರೆಯ ನಡುವೆ ಒಂದು ಪೆಟ್ಟಿಗೆ, ಮುಳುಗಿ ಕೂತಿತ್ತು. ಜರ್ಮನಿಯ ಬುದ್ಧಿಯೆಲ್ಲ ಅದರಲ್ಲಿ. ಪ್ರತಿ ಅಮಾವಾಸ್ಯೆಗೆ ಗಾಡಿಗೆ ಜಳಕ, ಮೇಲೆ ಹೂವು, ಕಾಳು; ಹೋಗಲು ದಾರಿಯಿಲ್ಲದ ನೀರು ಗಾಜಿನ ಕೆಳಗಿನಿಂದ ಒಳಗೆ ಇಳಿದು ಪೆಟ್ಟಿಗೆಯನ್ನು ತೋಯಿಸುತ್ತಿತ್ತು. ಒಣಗಿದರೆ ಗಾಡಿ ಶಾಣ್ಯಾ, ತೊಯ್ದರೆ ಹುಚ್ಚ. ಅಮಾವಾಸ್ಯೆಗೇ ಕೆಡುತ್ತದೆ ಎಂದು ಓಣಿಯ ಜನ ಹೇಳಿದ್ದು ಸರಿಯಾಗಿತ್ತು. ಅವರು ಸರಿಯಾಗಿದ್ದುದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಆದರೆ ಹೂವು ಸರಿ, ಕಾಳು ಸರಿ. ಕಡಬು?

ಅಂಗೈಯಲ್ಲಿ ಆ ರಾಡಿ ಹಿಡಿದುಕೊಂಡೇ ಒಳಗೆ ಹೋದೆ. ಅವ್ವ ಹೊಸ್ತಿಲ ಹತ್ತಿರ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದಳು.

"ಅವ್ವಾ, ಇದೇನು?"

ನೋಡಿದಳು. "ಚರಗ."

"ಕಾರಿನ ಮ್ಯಾಲ?"

"ಎಳ್ಳಮಾಸಿಗೆ ಚೆಲ್ಲಿದ್ನಿ. ಆಮ್ಯಾಲ ಅಮಾಸಿಗೊಮ್ಮೆ ಒಂದ ಮುಷ್ಟಿ ಕಾಳ ಹಾಕತೇನಿ."

"ಯಾರಾದ್ರೂ ಕಾರಿನ ಮ್ಯಾಲ ಚರಗ ಚೆಲ್ಲತಾರೇನಬೇ?"

ಅವಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. "ಮತ್ತ ಎಲ್ಲಿ ಚೆಲ್ಲಲೋ? ಹೊಲ ಎಲ್ಲೈತಿ? ಹೊಲದ ಬದ್ಲಿ ಮನಿಗೆ ಬಂದದ್ದು ಇದೊಂದ. ಇದ ನಮ್ಮ ಹೊಲ."

ಯಾರನ್ನು ಬೈಯಲಿ? ಕಾರನ್ನು ಬೈದು ಮುಗಿದಿತ್ತು. ರಫೀಕನನ್ನು, ಕೊಲ್ಹಾಪುರದವರನ್ನು, ಬಸವರಾಜನನ್ನು, ಓಣಿಯನ್ನು ಬೈದು ಮುಗಿದಿತ್ತು. ಉಳಿದದ್ದು ಅಣೆಕಟ್ಟೆ, ಅದು ಕೇಳಿಸಿಕೊಳ್ಳುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಬಸವರಾಜ ಮಾತ್ರ ತಡೆಯದೆ, "ಅವ್ವಾ, ನೀ ಹೊಲಕ್ಕ ಹೋಗೂದನ್ನ ನೀನ ಚರಗ ಹಾಕಿ ನಿಲ್ಲಿಸಿದ್ಯಲ್ಲಬೇ" ಎಂದ. ಅವಳು ನನ್ನ ಅಂಗೈಯ ರಾಡಿಯೊಳಗಿನ ಸಸಿ ಮುಟ್ಟಿ ನೋಡಿ, "ಗಾಡಿ ನಿಂತರ ನಿಲ್ಲಲಿ ಬಿಡು. ಜ್ವಾಳಂತೂ ಎದ್ದಾವಲ್ಲ" ಎಂದಳು.

ಪೆಟ್ಟಿಗೆಯನ್ನು ಬಿಚ್ಚಿ ಮಾಳಿಗೆಯ ಮೇಲೆ, ಶೈಲಾ ಹಾಕಿದ್ದ ಸಂಡಿಗೆಯ ಪಕ್ಕದಲ್ಲಿ, ಬನಹಟ್ಟಿಯ ಹಳೆಯ ಸೀರೆಯ ಮೇಲೆ ಒಣಹಾಕಿದೆವು. ಕಾಗೆ ಬಾರದಂತೆ ಅವಳೇ ಕಾಯ್ದಳು. ಸಂಡಿಗೆಗೆ ಎಷ್ಟು ಬಿಸಿಲು ಬೇಕೋ ಬುದ್ಧಿಗೂ ಅಷ್ಟೇ ಸಾಕಾಯಿತು. ಮತ್ತೆ ಜೋಡಿಸಿದಾಗ ಸೀಟು ಗುಂಯ್ಯೆಂದು ಹಿಂದೆ ಸರಿಯಿತು. ಆದರೆ ಅಷ್ಟರಲ್ಲಿ ಮೋಡ ಕಟ್ಟತೊಡಗಿತ್ತು.

ಹೋದೆವು. ಹಳೆಯ ರಸ್ತೆ ಹಿನ್ನೀರಿಗೆ ಇಳಿಯುವಲ್ಲಿ ಒಂದು ಮುರುಕು ಸಿಡಿ ಇದೆ, ಹಳ್ಳದ ಮೇಲಿನ ಸಣ್ಣ ಸೇತುವೆ. ಅದರ ಹತ್ತಿರ ಗಾಡಿ ನಿಲ್ಲಿಸಿದೆ. ಕೆಳಗೆ ಬಿರುಕು ಬಿಟ್ಟ ಕಪ್ಪು ರಾಡಿ, ಸತ್ತ ಶಂಖದ ಹುಳುಗಳು, ಯಾರೋ ಹಾಕಿ ಕಿತ್ತ ಸೌತೆಯ ಬಳ್ಳಿ. ಬದುವಿಲ್ಲ, ಮರವಿಲ್ಲ, ದಾರಿಯಿಲ್ಲ. ಆಚೆ ನೀರು, ಹೊಸ ಮಳೆನೀರು ಸೇರಿ ಆಗಲೇ ಕೆಂಪಗಾಗಿತ್ತು. ಅವ್ವ ಕೋಲು ಊರಿ, ಇನ್ನೊಂದು ಕೈ ಶೈಲಾಳ ಹೆಗಲ ಮೇಲಿಟ್ಟು ಇಳಿದು ನಡೆದಳು. ಎಲ್ಲಿಗೆ ಎಂದು ನಾವು ಕೇಳಲಿಲ್ಲ. ಒಂದು ಕಡೆ ನಿಂತಳು. ಚೆಲ್ಲತೊಡಗಿದಳು.

ಬಸವರಾಜ ನನ್ನ ಕಿವಿಯಲ್ಲಿ ಅಂದ. "ಅಣ್ಣಾ, ಇದು ನಮ್ಮದಲ್ಲ. ನಮ್ಮದು ಇನ್ನೂ ಅತ್ತಾಗ. ನೀರಾಗ ಹೋಗೇತಿ. ತಡಾ ಆತು ನಾವು ಬರೂದು."

ಅವನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಕೋಲಿನಿಂದ ರಾಡಿಯನ್ನು ಚುಚ್ಚಿದಳು. ಒಳಗೆ ಟಕ್ ಎಂದಿತು. "ನಿಮ್ಮಪ್ಪ ಕುಡಗೋಲ ಮಸೀತಿದ್ದ ಬಾಂದಗಲ್ಲ ಇಲ್ಲೇ ಐತಿ" ಎಂದಳು.

"ಕಲ್ಲ ಎಲ್ಲಾ ಕಡೆ ಇರತಾವವ್ವಾ" ಎಂದ ಬಸವರಾಜ.

"ಇದ್ರ ಇರಲಿ ಬಿಡು" ಎಂದು ಉಳಿದ ಕಡಬನ್ನೂ ಅಲ್ಲೇ ಹಾಕಿದಳು. ಹನಿ ಬೀಳತೊಡಗಿತು. ಅಗೆದು ನೋಡಲು ಕೈಯಲ್ಲಿ ಏನೂ ಇರಲಿಲ್ಲ. ಅವಳನ್ನು ಕರೆದುಕೊಂಡು ಬಂದೆವು. ದಾರಿಯುದ್ದಕ್ಕೂ ಸುಖವಾಗಿ ನಿದ್ದೆ ಮಾಡಿದಳು. ಆ ಗಾಡಿ ನೆಟ್ಟಗೆ ಹೋಗಿ ನೆಟ್ಟಗೆ ಬಂದದ್ದು ಅದೊಂದೇ ಸಲ ಎಂದು ನನ್ನ ನೆನಪು. ಮುಂದಿನ ಬೇಸಿಗೆಗೆ ಅವಳು ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನೂ ಬಸವರಾಜನೂ ಈ ಒಂದು ವಿಷಯಕ್ಕೆ ಎಷ್ಟು ಜಗಳಾಡಿದ್ದೇವೆಂದರೆ ಮದುವೆ-ಮುಂಜಿಗಳಲ್ಲಿ ನಮ್ಮನ್ನು ದೂರದೂರ ಕೂರಿಸುತ್ತಿದ್ದರು. ಅವ್ವ ನಿಂತದ್ದು ಪಕ್ಕದವರ ಹೊಲದಲ್ಲಿ, ನಮ್ಮ ಸಮಾಧಾನಕ್ಕೆ ಕಲ್ಲಿನ ಕತೆ ಹೇಳಿದಳು ಎಂದು ಅವನು. ನಾನು ಅಲ್ಲವೆಂದು ಕೂಗುತ್ತಿದ್ದೆ. ಆದರೆ ಕೂಗುವಾಗಲೂ ಗೊತ್ತಿತ್ತು, ನನ್ನ ಕೈಯಲ್ಲಿ ಆಧಾರವಿಲ್ಲ. ನನಗೆ ಹಾಗೆ ಬೇಕಿತ್ತು, ಅಷ್ಟೆ. ಯಾರಾದರೂ ವಿದ್ಯಾರ್ಥಿ ಹಾಗೆ ವಾದಿಸಿದ್ದರೆ ಸೊನ್ನೆ ಹಾಕುತ್ತಿದ್ದೆ. ಆ ಕಾರು ಮೊದಲ ಸಲವೇ ನಡೆದಿದ್ದರೆ ನೀರು ಇನ್ನೂ ಕೆಳಗಿರುತ್ತಿತ್ತು, ಈ ವಾದವೇ ಇರುತ್ತಿರಲಿಲ್ಲ ಎಂದು ಮತ್ತೆ ಕಾರಿನ ಮೇಲೆ ಸಿಟ್ಟು ಬರುತ್ತಿತ್ತು. ಅದನ್ನು ಆಗಲೇ ಮಾರಿಯಾಗಿತ್ತು. ಎದುರಿಗಿಲ್ಲದ ಗಾಡಿಯ ಮೇಲಿನ ಸಿಟ್ಟು ಒಳ್ಳೆಯದಲ್ಲ, ಹೊಟ್ಟೆ ಕೆಡಿಸುತ್ತದೆ.

ಮಳೆ ಕೈಕೊಟ್ಟ ಒಂದು ವರ್ಷ ಹಿನ್ನೀರು ಬಹಳ ಕೆಳಗಿಳಿಯಿತು. ಹಾರೆ ತೆಗೆದುಕೊಂಡು ಒಬ್ಬನೇ ಹೋದೆ. ಸಿಡಿ ಇತ್ತು. ಅಲ್ಲಿಂದ ಎಷ್ಟು ದೂರವೆಂದು ನೆನಪನ್ನು ಕೇಳಲಿಲ್ಲ. ಅದು ಹೇಳಿದ್ದನ್ನು ನಂಬುತ್ತಲೂ ಇರಲಿಲ್ಲ. ಸೊಂಟದಲ್ಲಿ ಸಳಿಯಿದ್ದ ಮುದುಕಿ ಕೋಲೂರಿ ನಡೆಯಬಲ್ಲಷ್ಟು ದೂರ, ಅದೇ ನನ್ನ ಅಳತೆ. ಅಷ್ಟರೊಳಗೆ ಅಲ್ಲಲ್ಲಿ ಹಾರೆ ಊರುತ್ತ ಹೋದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಟಕ್ ಎಂದಿತು. ಮೊಣಕಾಲೂರಿ ಕೈಯಿಂದ ರಾಡಿ ತೆಗೆದೆ. ನಿಲ್ಲಿಸಿದ ಕಲ್ಲು, ಹೊಲದ ಗಡಿಗೆ ನೆಡುವಂಥದ್ದು. ತಲೆಯ ಮೇಲೆ ನುಣ್ಣಗೆ ಸವೆದ ಉದ್ದನೆಯ ಗುಳಿ.

ನನ್ನ ಕಣ್ಣನ್ನು ನಾನು ನಂಬಲಿಲ್ಲ. ಬಸವರಾಜನಿಗೆ ಫೋನು ಮಾಡಿದೆ. ಮೋಟಾರುಸೈಕಲ್ ಮೇಲೆ ಬಂದ, ಬಂದವನೇ ಕಲ್ಲಿನ ಪಕ್ಕ ಕೂತ. ಗುಳಿಯಲ್ಲಿ ಹೆಬ್ಬೆರಳಿಟ್ಟು ತುದಿಯಿಂದ ತುದಿಗೆ ಎಳೆದ. ಮತ್ತೊಮ್ಮೆ ಎಳೆದ. ಸಣ್ಣವನಿದ್ದಾಗ, ಅಪ್ಪ ಕುಡಗೋಲು ಮಸೆಯುವಾಗ ಆ ಗುಳಿಯಲ್ಲಿ ನೀರು ಹನಿಸುತ್ತಿದ್ದವನು ಅವನು.

"ನಮ್ಮದ" ಎಂದ.

ಇಷ್ಟು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ. ಆ ದಿನ ಅವ್ವ ನಿಂತದ್ದು ನಮ್ಮ ಹೊಲದಲ್ಲಿ.